ಹಸಿರು ತುದಿ

ಗೋಧಿ ಸಂಶೋಧನಾ ಕೇಂದ್ರದ ದೊಡ್ಡವರು ಎದ್ದು ಹೋದ ಮೇಲೂ ಆ ತಿರುಗುವ ಕುರ್ಚಿ ಸ್ವಲ್ಪ ಹೊತ್ತು ತಾನೇ ತಿರುಗುತ್ತಿತ್ತು. ಅವಳು ಅದನ್ನು ಕೈಯಿಂದ ಹಿಡಿದು ನಿಲ್ಲಿಸಿ, ಅವರ ಮೈಯ ಬಿಸಿ ಇನ್ನೂ ಆರದ ಸೀಟಿನ ಮೇಲೆ ಕೂತು, ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕೆಂಪು. ಬರೀ ಕೆಂಪು, ಅದೂ ಒಗೆದು ಒಗೆದು ಮಾಸಿದ ಬಟ್ಟೆಯ ಕೆಂಪು. ಗೋಧಿಯ ವರ್ಣತಂತುಗಳು, ಯಾರೋ ಕತ್ತರಿಸಿ ಚೆಲ್ಲಿದ ದಾರದ ತುಂಡುಗಳ ಹಾಗೆ, ಕಪ್ಪಿನಲ್ಲಿ ಹರಡಿಕೊಂಡು ಬಿದ್ದಿದ್ದವು. ಅವುಗಳಲ್ಲಿ ಒಂದರ ತುದಿಯಲ್ಲಿ, ಎಡಗಡೆ ಕೆಳಗೆ ಸ್ವಲ್ಪ ಬಾಗಿ ಮಲಗಿದ್ದ ಆ ಒಂದರ ತುದಿಯಲ್ಲಿ, ಆಗ ಹಸಿರು ಇತ್ತು. ಉಗುರಿನ ಅಂಚಿನಷ್ಟು ಹಸಿರು. ಇತ್ತೇ? ಇದ್ದದ್ದಕ್ಕೇ ತಾನೆ ತಾನು ಬಾಗಿಲು ತೆಗೆದು, ಐವತ್ತು ದಾಟಿದ ಹೆಂಗಸು ಎಂಬುದನ್ನೂ ಮರೆತು, ಕಾರಿಡಾರಿನಲ್ಲಿ ಚಪ್ಪಲಿ ಸದ್ದು ಮಾಡಿಕೊಂಡು ಓಡಿದ್ದು? "ಸರ್, ಸಿಕ್ಕಿದೆ, ಬನ್ನಿ" ಎಂದು ಕೂಗಿದ್ದು? ಓಡುವ ಭರದಲ್ಲಿ ದೀಪದ ಮುಚ್ಚಳ ಎಳೆಯುವುದನ್ನು ಮರೆತಿದ್ದಳು. ಆ ದೀಪದ ಕೆಳಗೆ ಬಣ್ಣ ಬೆಳಕು ಕುಡಿದು ಹೊಳೆಯುತ್ತದೆ, ಹೊಳೆದಷ್ಟೂ ಸವೆಯುತ್ತದೆ. ನೋಡಿದರೆ ಕರಗುವ ಬಣ್ಣ ಅದು. ಏಳುವ ಮೊದಲು ಮುಚ್ಚಳ ಎಳೆಯಬೇಕು ಎಂಬುದು ಈ ಕೋಣೆಯ ಮೊದಲ ಪಾಠ. ಹೊಸದಾಗಿ ಬಂದವರಿಗೆಲ್ಲ ಅವಳೇ ಹೇಳಿಕೊಟ್ಟಿದ್ದಳು: "ಒಲೆ ಆರಿಸದೆ ಯಾರಾದರೂ ಮನೆ ಬೀಗ ಹಾಕ್ತಾರಾ?"

ಇಂದು ಒಲೆ ಉರಿಯುತ್ತಲೇ ಇತ್ತು. ಅವಳು ಓಡಿ ಹೋಗಿ, ದೊಡ್ಡವರು ಫೋನಿನಲ್ಲಿ ಮಾತು ಮುಗಿಸುವವರೆಗೆ ಬಾಗಿಲಲ್ಲಿ ನಿಂತು, ಅವರ ಮಂಡಿನೋವಿನ ನಡಿಗೆಯ ಹಿಂದೆಯೇ ಬರುವಷ್ಟು ಹೊತ್ತೂ ಉರಿಯುತ್ತಿತ್ತು. ಬಂದವರು ಕೂತು ನೋಡಿದ್ದೂ ಸಣ್ಣ ಹೊತ್ತಲ್ಲ. ಅವಳು ಬೆನ್ನ ಹಿಂದೆ ನಿಂತಿದ್ದಳು. ಕೇಂದ್ರದಲ್ಲಿ ಎಲ್ಲರೂ ದೊಡ್ಡೋರು ಎಂದೇ ಕರೆಯುವ ಆ ಮುಖ್ಯಸ್ಥರ ಕುತ್ತಿಗೆಯ ನೆರಿಗೆಗಳನ್ನು ಇಷ್ಟು ಹತ್ತಿರದಿಂದ ಅವಳು ಎಂದೂ ನೋಡಿರಲಿಲ್ಲ. ಕೊನೆಗೆ ಅವರು, "ಹಾಂ. ಇದೆ. ಸೊಗಸಾಗಿದೆ" ಎಂದರು.

"ಕಂಡಿತಾ ಸರ್?"

"ಕಾಣದೆ ಏನಮ್ಮ, ತುದಿಯಲ್ಲಿ ಅಷ್ಟು ಚೆನ್ನಾಗಿ ಹೊಳೀತಿದೆ. ಕ್ಯಾಮೆರಾ ಒಂದು ಈಗಲೇ ರಿಪೇರಿಗೆ ಹೋಗ್ಬೇಕಿತ್ತು. ಇರಲಿ ಬಿಡಿ, ನೀವು ನೋಡಿದ್ದೀರಿ, ನಾನು ನೋಡಿದ್ದೀನಿ, ಇನ್ನೇನು ಬೇಕು? ಆ ಗಿಡ ಒಂದು ಇಟ್ಕೊಂಡು ಉಳಿದದ್ದೆಲ್ಲ ಇವತ್ತೇ ಕೀಳಿಸಿಬಿಡ್ತೀನಿ. ಬಾರ್ಲಿ ವಿಭಾಗದವರು ಗಾಜಿನ ಮನೆಯಲ್ಲಿ ಜಾಗ ಜಾಗ ಅಂತ ನನ್ನ ಕುತ್ತಿಗೆ ಮೇಲೆ ಕೂತಿದ್ದಾರೆ." ಎದ್ದವರು ಅವಳ ಭುಜ ತಟ್ಟಿ ಹೋದರು. ಆ ತಟ್ಟಿದ ಜಾಗ ಇನ್ನೂ ಬೆಚ್ಚಗಿತ್ತು. ಅಷ್ಟರಲ್ಲೇ ಅವಳು ಕೂತು ನೋಡಿದಾಗ ಹಸಿರು ಇರಲಿಲ್ಲ.

ಈಗ ಅವಳು ಮುಚ್ಚಳ ಎಳೆದಳು, ಊರೆಲ್ಲ ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಕೂತಳು. ಆ ಹಸಿರು ಎಂದರೆ ಒಂದು ಕಾಡುಹುಲ್ಲು. ಯಾರೂ ಬಿತ್ತದ, ಯಾರೂ ಕೊಯ್ಯದ, ತುಕ್ಕು ರೋಗ ಹತ್ತಿರ ಸುಳಿಯದ ಒಂದು ಒರಟು ಹುಲ್ಲು. ಅದನ್ನು ಗೋಧಿಗೆ ಕೂಡಿಸಲು ಈ ಕೇಂದ್ರದಲ್ಲಿ ಎಷ್ಟು ಜನ ಎಷ್ಟು ವರ್ಷ ಹೂವಿನ ಮುಂದೆ ಚಿಮಟ ಹಿಡಿದು ಕೂತರು. ಕೂಡಿದ್ದು ಒಂದೇ ಒಂದು ಕಾಳು, ಆ ಒಂದರ ಸಂತತಿಯೇ ಗಾಜಿನ ಮನೆಯ ಒಂದು ಸಾಲು ಕುಂಡ. ಕೆಲವು ಗಿಡಗಳಲ್ಲಿ ಹುಲ್ಲಿನ ಇಡೀ ವರ್ಣತಂತುವೇ ಬಂದು ಠಿಕಾಣಿ ಹೂಡಿತ್ತು. ರೋಗ ತಡೆಯುತ್ತಿತ್ತು, ಆದರೆ ಕಾಳು ಜೊಳ್ಳು, ತೆನೆ ಮುಟ್ಟಿದರೆ ಉದುರು. ಬೇಕಾಗಿದ್ದು ಅತಿಥಿಯೂ ಅಲ್ಲ, ಅವನ ಗಂಟುಮೂಟೆಯೂ ಅಲ್ಲ, ಅವನ ಕಿಸೆಯೊಳಗಿನ ಒಂದು ಬೀಗದ ಕೈ ಮಾತ್ರ: ಗೋಧಿಯ ವರ್ಣತಂತುವಿನ ತುದಿಗೆ ಅಂಟಿಕೊಂಡ ಹುಲ್ಲಿನ ಒಂದು ಚೂರು. ಅದನ್ನು ಹುಡುಕುವುದು ಅವಳ ಕೆಲಸ. ಬೇರಿನ ತುದಿಯನ್ನು ಗಾಜಿನ ಮೇಲೆ ಹೆಬ್ಬೆರಳಿನಿಂದ ಅರೆದು, ಹುಲ್ಲಿನ ಡಿಎನ್ಎಗೆ ಹಸಿರು ಬಣ್ಣ ಕಟ್ಟಿ ಅದರ ಮೇಲೆ ಸುರಿದು, ಬಿಸಿ ಮಾಡಿ, ಒದ್ದೆ ಡಬ್ಬಿಯಲ್ಲಿ ರಾತ್ರಿಯಿಡೀ ಮಲಗಿಸಬೇಕು. ಹುಲ್ಲು ಹುಲ್ಲನ್ನು ಹುಡುಕಿಕೊಂಡು ಹೋಗಿ ಅಪ್ಪುತ್ತದೆ. ಆದರೆ ಹುಲ್ಲೂ ಗೋಧಿಯೂ ಹಿಂದೆಂದೋ ಒಂದೇ ಮನೆಯವು, ಸಲುಗೆಗೆ ಗೋಧಿಯನ್ನೂ ಅಪ್ಪಲು ನೋಡುತ್ತದೆ. ಅದಕ್ಕೇ ಬಣ್ಣವಿಲ್ಲದ ಗೋಧಿ ಡಿಎನ್ಎಯನ್ನು ಧಾರಾಳವಾಗಿ ಬೆರೆಸುವುದು, ಮದುವೆ ಮನೆಯಲ್ಲಿ ಹತ್ತಿರದವರು ಮೊದಲೇ ಕುರ್ಚಿ ಹಿಡಿದು ಕೂತು ದೂರದವರನ್ನು ದೂರವೇ ಇಡುವ ಹಾಗೆ. ಬೆಳಿಗ್ಗೆ ತೊಳೆದು, ಮೇಲೊಂದು ಕೆಂಪು ಬಣ್ಣ ಹಾಕಿ ನೋಡಿದರೆ ಗೋಧಿ ಕೆಂಪು, ಹುಲ್ಲು ಹಸಿರು. ಅಷ್ಟೇ. ಅಷ್ಟು ಸುಲಭ, ಕಣ್ಣು ಒಂದು ನೆಟ್ಟಗಿದ್ದರೆ.

ತಲೆಯೆತ್ತಿ ಎದುರಿನ ಬಿಳಿ ಗೋಡೆ ನೋಡಿದಳು. ಗೋಡೆಯ ಮೇಲೆ ಹಸಿರು ತೇಲುತ್ತಿತ್ತು. ಕೆಂಪನ್ನು ದಿಟ್ಟಿಸಿದ ಕಣ್ಣು ಬಿಳಿಯಲ್ಲಿ ಹಸಿರನ್ನು ತಾನೇ ಹುಟ್ಟಿಸುತ್ತದೆಂದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಹಾಗಾದರೆ ಆಗ ಕಂಡದ್ದು? ಬೆಳಗಿನಿಂದ ಅದೇ ಕೆಂಪು ನೋಡಿ ನೋಡಿ ದಣಿದ ಕಣ್ಣು ಒಂದು ಕ್ಷಣ ಪಕ್ಕಕ್ಕೆ ಸರಿದು ತನಗೆ ಬೇಕಾದ್ದನ್ನು ತಾನೇ ಬಿಡಿಸಿಕೊಂಡಿತೇ? ಅಥವಾ ನಿಜಕ್ಕೂ ಇದ್ದು, ತಾನು ಓಡುತ್ತಿದ್ದ ಹೊತ್ತಿನಲ್ಲಿ ಸುಟ್ಟು ಹೋಯಿತೇ? ಸುಟ್ಟು ಹೋಗಿದ್ದರೆ ದೊಡ್ಡವರು ನೋಡಿದ್ದು ಏನನ್ನು? ಕಡೆಯ ಕಿಡಿಯನ್ನೇ? ಅವರಿಗೆ ಕಂಡಿದ್ದರೆ ತನಗೂ ಕಂಡದ್ದು ನಿಜ. ತನಗೆ ಕಂಡದ್ದು ಸುಳ್ಳಾದರೆ ಅವರಿಗೆ ಕಂಡದ್ದು... ಯೋಚನೆ ಬಾಲ ಹಿಡಿಯಲು ಹೊರಟ ನಾಯಿಯಂತೆ ಸುತ್ತತೊಡಗಿತು. ಬೆಳಿಗ್ಗೆ ಹೊರಡುವಾಗ ಅಪ್ಪ ಬಾಗಿಲ ಬಳಿ ಅವಳ ತೋಳು ಸವರಿ, "ನೀಲಿ ಹಾಕ್ಕೊಂಡಿದ್ದೀಯ ಇವತ್ತು. ನಿಂಗೆ ನೀಲಿ ಒಪ್ಪುತ್ತೆ" ಎಂದಿದ್ದ. ಅವಳು ಹಾಕಿದ್ದು ಕಂದು. "ಹೂಂ ಅಪ್ಪ" ಎಂದಿದ್ದಳು. ಆ ಮನೆಯಲ್ಲಿ ಅವಳಿಗೆ ಬುದ್ಧಿ ಬಂದಾಗಿನಿಂದ ಎಲ್ಲರೂ ಹೂಂ ಎಂದೇ ಬಂದದ್ದು.

ಅಪ್ಪ ದರ್ಜಿ. ಅವಳು ಶಾಲೆಗೆ ಹೋಗುವ ಕಾಲಕ್ಕೇ ಅವನ ಕಣ್ಣಿಂದ ಬಣ್ಣಗಳು ಒಂದೊಂದಾಗಿ ಎದ್ದು ಹೋಗುತ್ತಿದ್ದವು, ಸಭೆ ಬರಖಾಸ್ತಾದ ಮೇಲೆ ಜನ ಹೋಗುವ ಹಾಗೆ, ಸದ್ದಿಲ್ಲದೆ. ಯಾರೂ ಅದನ್ನು ಬಾಯಿಬಿಟ್ಟು ಹೇಳಲಿಲ್ಲ. ಅಮ್ಮ ದಾರದ ರೀಲುಗಳನ್ನು ಪೆಟ್ಟಿಗೆಯಲ್ಲಿ ಸಾಲಾಗಿ ಜೋಡಿಸಿಡುತ್ತಿದ್ದಳು, ಕಪ್ಪು ಇಲ್ಲೇ, ಬಿಳಿ ಅಲ್ಲೇ. ಗಿರಾಕಿ ಬಟ್ಟೆ ತಂದರೆ ಒಳಗಿನಿಂದಲೇ, "ಅಯ್ಯೋ ಎಂಥಾ ಚೆಂದದ ಬೂದಿ ಬಣ್ಣ ತಂದಿದ್ದೀರಿ" ಎಂದು ಗಟ್ಟಿಯಾಗಿ ಹೊಗಳುತ್ತಿದ್ದಳು. ಅಪ್ಪ, "ಹೌದೌದು, ಬೂದಿ ಬಣ್ಣಕ್ಕೆ ಗತ್ತು ಜಾಸ್ತಿ" ಎನ್ನುತ್ತಿದ್ದ. ಹೀಗೆ ನಡೆದಿತ್ತು. ಒಂದು ದಿನ ರೀಲುಗಳ ಸಾಲು ಹೇಗೋ ತಪ್ಪಿ, ವಾದ್ಯದವನ ಕಪ್ಪು ಕೋಟಿನ ಗುಂಡಿ ಮನೆಗಳಿಗೆಲ್ಲ ಅಪ್ಪ ಹಸಿರು ದಾರ ಹಾಕುತ್ತಿದ್ದ. ಅವಳು ಎದುರಿಗೇ ಕೂತು ಮಗ್ಗಿ ಬರೆಯುತ್ತಿದ್ದಳು. ಒಂದು ಗುಂಡಿ ಮನೆ ಮುಗಿದು ಎರಡನೆಯದು ಶುರುವಾಯಿತು, ಮೂರನೆಯದೂ ಶುರುವಾಯಿತು. ಅಪ್ಪನ ಬೆರಳುಗಳು ಎಷ್ಟು ಹದವಾಗಿ, ಎಷ್ಟು ಒತ್ತಾಗಿ ಹೆಣೆಯುತ್ತಿದ್ದವೆಂದರೆ ಅದನ್ನು ತಡೆಯಲು ಬಾಯೇ ಬರಲಿಲ್ಲ. ವಾದ್ಯದವನು ಕೋಟು ತೊಟ್ಟು ಕನ್ನಡಿ ಮುಂದೆ ನಿಂತು, ಅಂಗಡಿಯಲ್ಲಿದ್ದವರನ್ನೆಲ್ಲ ಕರೆದ. "ನೋಡ್ರಪ್ಪ, ಹೊಟ್ಟೆ ಮೇಲೆ ಗಿಳಿ ಸಾಲು." ಅಪ್ಪ ನಗುತ್ತಾ, "ಈಗ ಇದೇ ಫ್ಯಾಶನ್ನು" ಎಂದ. ಎಲ್ಲರೂ ನಕ್ಕರು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ಆ ನಗು ನಿಲ್ಲುವ ಮೊದಲೇ ಅಪ್ಪನ ಕೈ ಮೇಜಿನ ಮೇಲೆ ಏನನ್ನೋ ಹುಡುಕಾಡಿ, ಏನೂ ಸಿಗದೆ, ಹಾಗೇ ಅಂಗೈ ಮೇಲೆ ಮಾಡಿ ಬಿದ್ದುಕೊಂಡಿತ್ತು. ಇಷ್ಟು ವರ್ಷದ ಮೇಲೂ ಅವಳಿಗೆ ನೆನಪಿರುವುದು ನಗುವಲ್ಲ, ಆ ಅಂಗೈ. ಆಗ ಅಪ್ಪನ ವಯಸ್ಸು ಈಗಿನ ತನ್ನ ವಯಸ್ಸಿಗಿಂತ ಕಡಿಮೆಯೇ ಇತ್ತು. ಬೇರೆಯವರ ವರ್ಣತಂತುಗಳನ್ನು ಎಣಿಸುತ್ತಾ ತಲೆ ಹಣ್ಣಾದವಳು ತನ್ನವುಗಳ ತುದಿಯಲ್ಲಿ ಅಪ್ಪನದು ಏನು ಅಂಟಿಕೊಂಡಿದೆ ಎಂದು ಯೋಚಿಸಿದ್ದೇ ಇಲ್ಲವಲ್ಲ ಎಂದುಕೊಂಡಳು.

ಉಳಿದ ಗಿಡ ಕೀಳುವ ಮೊದಲೇ ಎಂದು ಎದ್ದು ಹೋಗಿ ಗಾಜಿನ ಮನೆಯ ಬಾಗಿಲು ತಳ್ಳಿದಾಗ ಒದ್ದೆ ಮಣ್ಣಿನ ಬಿಸಿ ಮುಖಕ್ಕೆ ಹೊಡೆಯಿತು. ಕತ್ತಲಿಂದ ಬಂದ ಕಣ್ಣಿಗೆ ಎಲ್ಲವೂ ಬಿಳಿ, ಆಮೇಲೆ ನಿಧಾನವಾಗಿ ಹಸಿರು. ಇಲ್ಲಿ ಹಸಿರಿಗೇನು ಬರ. ಕುಂಡಗಳನ್ನು ನೋಡಿಕೊಳ್ಳುವ ಕುಂಡದಣ್ಣ ತಳ್ಳುಗಾಡಿಯ ಅಂಚಿನ ಮೇಲೆ ಕೂತು ಬೀಡಿ ಹಚ್ಚದೆ ಬಾಯಲ್ಲಿ ಇಟ್ಟುಕೊಂಡಿದ್ದ. ಗಾಡಿ ಇನ್ನೂ ಖಾಲಿಯಿತ್ತು. ಅಂದರೆ ಇನ್ನೂ ಏನೂ ಕಿತ್ತಿರಲಿಲ್ಲ.

"ಬಾ ಕತ್ತಲಕ್ಕ," ಎಂದ ಅವನು. ಕತ್ತಲ ಕೋಣೆಯಲ್ಲಿ ಕೂರುವವಳೆಂದು ಅವನೇ ಇಟ್ಟ ಹೆಸರು. "ಹಗಲು ಹೊತ್ತಲ್ಲೇ ಹೊರಗೆ ಬಂದಿದ್ದೀಯ, ಏನಾದ್ರೂ ಗ್ರಹಣವಾ?"

"ಕೀಳೋಕೆ ಹೇಳಿದ್ರಂತಲ್ಲ. ಕಿತ್ತಿಲ್ವಾ?"

"ಕೀಳ್ತೀನಿ, ಕೀಳ್ತೀನಿ. ಏನು ಕೀಳಬೇಕು ಅಂತ ಮೊದಲು ಯಾರಾದ್ರೂ ಹೇಳಲಿ. ಬಾ ಇಲ್ಲಿ, ನೀನಾದ್ರೂ ಓದಿದವಳು." ಎದ್ದು ಕಿಟಕಿ ಕಡೆಯ ಕುಂಡದ ಬಳಿ ಕರೆದೊಯ್ದ. ಅವಳ ಸ್ಲೈಡಿನ ಗಿಡ ಅದು, ಹೊಡೆ ಒಡೆದು ತೆನೆ ಇನ್ನೇನು ಹೊರಗೆ ಇಣುಕುತ್ತಿದ್ದ ಗಿಡ. ಅದರ ಕಾಂಡಕ್ಕೆ ಕೆಂಪು ಚೀಟಿ ಕಟ್ಟಿತ್ತು. "ಕೆಂಪು ಕಟ್ಟಿದ್ರೆ ಕೀಳು, ಹಸಿರು ಕಟ್ಟಿದ್ರೆ ಉಳಿಸು. ನಾನು ಈ ಬಾಗಿಲಿಗೆ ಬಂದಾಗಿಂದ ಇದೇ ಕಾನೂನು. ಈಗ ದೊಡ್ಡೋರೇ ಖುದ್ದಾಗಿ ಬಂದ್ರು. ಕೈಲಿದ್ದ ಕಟ್ಟಿಂದ ಒಂದು ಚೀಟಿ ಎಳೆದು ಅವರೇ ಕಟ್ಟಿದ್ರು. 'ಇದು ಚಿನ್ನ ಕಣಯ್ಯ, ಜೋಪಾನ, ಇದೊಂದು ಬಿಟ್ಟು ಉಳಿದದ್ದೆಲ್ಲ ಕಿತ್ತಾಕು' ಅಂದ್ರು. ಬಾಯಿ ಉಳಿಸು ಅನ್ನುತ್ತೆ, ಕೈ ಕೀಳು ಅನ್ನುತ್ತೆ. ನಾನು ಬಾಯಿ ಕೇಳ್ಲಾ, ಕೈ ನೋಡ್ಲಾ?"

"ನೀನು ಕೇಳಬೇಕಿತ್ತು."

"ಯಾರನ್ನ? ದೊಡ್ಡೋರನ್ನ? 'ಸ್ವಾಮಿ, ಇದು ಕೆಂಪು' ಅಂತ? ನನಗೂ ಹೆಂಡತಿ ಮಕ್ಕಳು ಇದ್ದಾರಕ್ಕ."

ಅವಳು ಚೀಟಿ ಹಿಡಿದು ನೋಡಿದಳು. ಕೆಂಪು. ಮೆಣಸಿನ ಹಣ್ಣಿನಷ್ಟು ಕೆಂಪು; ಇದರಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ಆದರೂ ಒಂದು ಕ್ಷಣ, ಕೆಂಪೇ ತಾನೆ, ಇವನೂ ಕೆಂಪೆಂದನಲ್ಲ, ಎಂದು ಅವನ ಮಾತಿನ ಆಸರೆ ಹಿಡಿದಳು. ಆಮೇಲೆ ಒಂದರ ಹಿಂದೆ ಒಂದು ಬಂದವು. ದೊಡ್ಡವರು ಯಾವಾಗಲೂ ಚಿತ್ರಗಳನ್ನು ಕಪ್ಪು ಬಿಳುಪಿನಲ್ಲೇ ಕೇಳುತ್ತಿದ್ದದ್ದು, "ಬಣ್ಣ ಎಲ್ಲ ಅಲಂಕಾರ ಕಣಮ್ಮ, ನಿಜ ಇರೋದು ಕಪ್ಪು ಬಿಳುಪಲ್ಲಿ" ಎನ್ನುತ್ತಿದ್ದದ್ದು. ಪರದೆಯ ಮೇಲೆ, "ಯಾವುದು, ಬೆರಳಿಟ್ಟು ತೋರಿಸಿ" ಎನ್ನುತ್ತಿದ್ದದ್ದು. ಅವರ ಮೇಜಿನ ಬಣ್ಣದ ಪೆನ್ಸಿಲ್ಲುಗಳಿಗೆ ಒಂದೊಂದಕ್ಕೂ ಅಂಟಿಸಿದ್ದ ಬಿಳಿ ಪಟ್ಟಿ, ಅದರ ಮೇಲೆ ಚಿಕ್ಕದಾಗಿ ಬರೆದ ಬಣ್ಣದ ಹೆಸರು. ಎಷ್ಟು ಅಚ್ಚುಕಟ್ಟು ಎಂದು ಅವಳೇ ಎಷ್ಟೋ ಜನಕ್ಕೆ ಹೊಗಳಿ ಹೇಳಿದ್ದಳು. ಅಮ್ಮನೂ ರೀಲುಗಳನ್ನು ಎಷ್ಟು ಅಚ್ಚುಕಟ್ಟಾಗಿ ಜೋಡಿಸುತ್ತಿದ್ದಳು. ಅವರಿಗೆ ಹಸಿರೂ ಒಂದೇ ಕೆಂಪೂ ಒಂದೇ. ಅವರು ಕಂಡಿತು ಎಂದದ್ದು ಅವಳು ಓಡಿ ಬಂದದ್ದನ್ನು ನೋಡಿ. ಹಾಗಾದರೆ ಲೋಕದಲ್ಲಿ ಆ ಹಸಿರನ್ನು ಕಂಡವಳು ಅವಳೊಬ್ಬಳೇ, ಅವಳ ಕಣ್ಣೋ ಗೋಡೆ ಮೇಲೂ ಹಸಿರು ಕಾಣುವ ಕಣ್ಣು. ಸಿಟ್ಟು ಬರಬೇಕಿತ್ತು. ಬಂದದ್ದು ಅಪ್ಪನ ಆ ಮೇಜು, ಆ ಅಂಗೈ.

ಪೆಟ್ಟಿಗೆಯಿಂದ ಹಸಿರು ಚೀಟಿ ತೆಗೆದು ಕೆಂಪಿನ ಜಾಗದಲ್ಲಿ ಕಟ್ಟಿದಳು. ಕೆಂಪನ್ನು ಮಡಿಸಿ ಕಿಸೆಗೆ ಹಾಕಿಕೊಂಡಳು. ಕುಂಡದಣ್ಣ ಬೀಡಿಯನ್ನು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಸರಿಸಿದ.

"ನಾನೇನೂ ನೋಡ್ಲಿಲ್ಲಪ್ಪ," ಎಂದ. "ಈಗ ಉಳಿದದ್ದು ಕೀಳ್ಲಾ?"

"ಬೇಡ. ಸ್ವಲ್ಪ ತಡಿ. ನಾನು ಹೋಗಿ ಬರೋವರೆಗೆ ಒಂದು ಎಲೆನೂ ಮುಟ್ಟಬೇಡ."

"ಬೇಗ ಬಾ. ಬಾರ್ಲಿಯಾಕೆ ಆಗಲೇ ಎರಡು ಸಲ ಇಣುಕಿ ಹೋದ್ಲು, ಹೆಣ ಎತ್ತೋದನ್ನ ಕಾಯೋ ವಾರಸುದಾರಳ ಹಾಗೆ."

ಕಾರಿಡಾರಿನಲ್ಲಿ ಈ ಸಲ ಅವಳು ಓಡಲಿಲ್ಲ. ಏನು ಹೇಳುವುದು? ನಿಮಗೆ ಕಂಡಿಲ್ಲ ಸರ್ ಎನ್ನುವುದೇ? ಬಾಗಿಲ ಹಿಡಿ ತಿರುಗಿಸುವವರೆಗೂ ಅದೇ ಮಾತು ನಾಲಿಗೆಯ ಮೇಲಿತ್ತು. ಸರಿಯಾದ ಮಾತು, ನಿಜವಾದ ಮಾತು. ಆ ಸಾಲಿನ ಯಾವುದೋ ಬೇರೆ ಗಿಡದಲ್ಲಿ ನಿಜವಾದ ಹಸಿರು ಇದ್ದು ಇಂದು ಸಂಜೆ ಗೊಬ್ಬರದ ಗುಂಡಿಗೆ ಹೋದರೆ, ಆ ಒಂದು ಕಾಳನ್ನು ಮತ್ತೆ ಯಾರೂ ಹುಟ್ಟಿಸಲಾರರು. ದೊಡ್ಡವರು ಕಿಟಕಿಯ ಬಳಿ ನಿಂತಿದ್ದರು. "ಬನ್ನಿ ಬನ್ನಿ. ಇವತ್ತು ನಿಮ್ಮ ದಿನ."

"ಸರ್, ಉಳಿದ ಗಿಡ ಇವತ್ತೇ ಕೀಳಬೇಕಾ?"

"ಯಾಕೆ?"

"ನನ್ನ ಕಣ್ಣು ಸರ್," ಎಂದಿತು ಅವಳ ಬಾಯಿ. ಅವಳು ಅಂದದ್ದಲ್ಲ, ಅವಳ ಬಾಯಿ ಅಂದದ್ದು. "ನಂಬೋ ಹಾಗಿಲ್ಲ. ನೀವು ಹೋದ ಮೇಲೆ ನೋಡಿದೆ, ನನಗೆ ಹಸಿರು ಕಾಣ್ಲಿಲ್ಲ."

"ನಾನು ನೋಡಿದೆನಲ್ಲ."

"ನೀವು ನೋಡಿದ್ರಿ ಸರ್. ಆದ್ರೆ ನೋಡಿ ಅಂತ ಕರೆದವಳು ನಾನು. ಕರೆದವಳ ಕಣ್ಣೇ ಸರಿಯಿಲ್ಲ ಅಂದ್ರೆ? ನಮ್ಮಪ್ಪನಿಗೂ ಹೀಗೇ ಶುರುವಾಗಿದ್ದು."

"ಏನು ಶುರುವಾಗಿದ್ದು?"

"ಬಣ್ಣ ಹೋಗೋದು."

ಅವರು ಮೇಜಿಗೆ ಬಂದು ಒಂದು ಪೆನ್ಸಿಲ್ ಎತ್ತಿಕೊಂಡು, ಬಿಳಿ ಪಟ್ಟಿ ಹೆಬ್ಬೆರಳ ಕೆಳಗೆ ಮುಚ್ಚುವ ಹಾಗೆ ಹಿಡಿದರು. "ಹೋಗೋಕೆ ಮೊದಲು ಇರಬೇಕಲ್ಲಮ್ಮ," ಎಂದರು, ಅವಳಿಗಲ್ಲ, ಪೆನ್ಸಿಲ್ಲಿಗೆ. ಅವಳಿಗೆ ತಾನು ಅವರ ಮಾನ ಕಾಯುತ್ತಿದ್ದೇನೋ, ತನ್ನ ಅಂಜಿಕೆ ಕಾಯುತ್ತಿದ್ದೇನೋ, ಅಥವಾ ಸುಮ್ಮನೆ ಇದ್ದದ್ದನ್ನೇ ಹೇಳಿದ್ದೇನೋ ತಿಳಿಯಲಿಲ್ಲ. ಸುಳ್ಳು ಹೇಳಲು ಹೋಗಿ ನಿಜವನ್ನೇ ಹೇಳಿಬಿಟ್ಟಿದ್ದರೆ?

"ಮತ್ತೆ ಬೇರು ತೆಗೆದು ಸ್ಲೈಡು ಮಾಡೋಕೆ ಎಷ್ಟು ದಿನ ಬೇಕು?"

"ಒಂದು ವಾರ ಕೊಡಿ ಸರ್. ಎಲ್ಲಾ ಗಿಡದ್ದೂ ಮಾಡ್ತೀನಿ."

"ಗಿಡ ಇರಲಿ. ಬಾರ್ಲಿಯವರಿಗೆ ನಾನು ಹೇಳ್ತೀನಿ." ಪೆನ್ಸಿಲ್ ಕೆಳಗಿಟ್ಟು ಮುಖ್ಯಸ್ಥರ ದನಿಗೆ ಬಂದರು. "ಆದ್ರೆ ಈ ಸಲ ಬೇರೆಯವರು ನೋಡಬೇಕಾಗುತ್ತೆ. ಕಣ್ಣು ಸರಿಯಿಲ್ಲ ಅಂತ ನೀವೇ ಹೇಳಿದ ಮೇಲೆ ನಿಮ್ಮನ್ನೇ ಕೂರಿಸಿದ್ರೆ ನಾಳೆ ನನ್ನನ್ನ ಕೇಳ್ತಾರೆ. ಬಾರ್ಲಿಯಾಕೆ ಕಣ್ಣು ಚುರುಕು, ಅವಳು ಕೂರಲಿ. ನೀವು ಸ್ಲೈಡು ಮಾಡಿಕೊಡಿ. ಕಣ್ಣಿನ ಡಾಕ್ಟರ ಹತ್ರ ಒಂದು ಸಲ ಹೋಗಿ ಬನ್ನಿ."

ಆ ಕುರ್ಚಿ. ಕತ್ತಲಲ್ಲಿ ಮೊಳೆ ಹೊಡೆದಂತೆ ಅವಳು ಇಷ್ಟು ಕಾಲ ಕೂತ ಕುರ್ಚಿ. ಇದು ಅವಳು ಎಣಿಸಿದ್ದಲ್ಲ, ಎಣಿಸಬೇಕಿತ್ತು. "ಆಗಲಿ ಸರ್" ಎಂದಳು. ಬಾಗಿಲ ಬಳಿ ಹೋದಾಗ ಹಿಂದಿನಿಂದ ದನಿ ಬಂತು.

"ಗಾಜಿನ ಮನೆಗೆ ಹೋಗಿದ್ರಾ?"

"ಹೋಗಿದ್ದೆ ಸರ್."

"ಚೀಟಿ... ಸರಿಯಾಗಿದೆಯಾ?"

"ಸರಿಯಾಗಿದೆ ಸರ್."

ಅವರು ಮತ್ತೆ ಕಿಟಕಿಗೆ ತಿರುಗಿದರು. ಅವರ ಕುತ್ತಿಗೆಯ ನೆರಿಗೆಗಳನ್ನು ಅವಳು ಈ ಸಲ ದೂರದಿಂದ ನೋಡಿದಳು.

ಉಳಿದ ಮಧ್ಯಾಹ್ನವೆಲ್ಲ ಬೇರು ಬಿಡಿಸುವುದರಲ್ಲಿ ಹೋಯಿತು. ಕುಂಡದಣ್ಣ ಒಂದೊಂದೇ ಕುಂಡ ಬೋರಲು ಹಾಕಿ ತಳ ತಟ್ಟುತ್ತಿದ್ದ. ಮಣ್ಣಿನ ಹೆಂಟೆಯ ಸುತ್ತ ಹೊಸ ಬೇರುಗಳು ಬಿಳಿಯಾಗಿ ಸುತ್ತಿಕೊಂಡಿರುತ್ತಿದ್ದವು. ಅವಳು ತುದಿ ಚಿವುಟಿ ಶೀಶೆಗೆ ಹಾಕುತ್ತಿದ್ದಳು. ಯಾವುದೂ ಯಾವುದಕ್ಕಿಂತ ಬೇರೆಯಾಗಿ ಕಾಣಲಿಲ್ಲ. "ಇದರಲ್ಲಿ ಯಾವುದು ಹುಲ್ಲಿನ ಮಗ?" ಎಂದು ಅವನು ಕೇಳಿದ. "ಗೊತ್ತಿಲ್ಲ" ಎಂದಳು. "ನಿಂಗೇ ಗೊತ್ತಿಲ್ಲ ಅಂದ್ರೆ ಚೆನ್ನಾಯ್ತು" ಎಂದು ಗಿಡವನ್ನು ಮಗುವಿನ ಹಾಗೆ ಎತ್ತಿ ಕುಂಡದಲ್ಲಿ ಕೂರಿಸಿದ.

ಮನೆಗೆ ಬಂದಾಗ ಹೊತ್ತು ಇಳಿದಿತ್ತು, ದೀಪ ಹಾಕಿರಲಿಲ್ಲ. ಅಪ್ಪ ಹೊಲಿಗೆ ಯಂತ್ರದ ಮುಂದೆ ಕೂತಿದ್ದ. ಈಗ ಹೊಲಿಯುವುದೆಲ್ಲ ಮನೆಯ ದಿಂಬಿನ ಚೀಲ, ಅವಳ ಅಂಗಿಯ ಅಂಚು, ಬೆರಳಲ್ಲೇ ತಡವಿ. ಬಾಗಿಲ ಸದ್ದಿಗೆ ತಲೆಯೆತ್ತದೆ ಒಂದು ರೀಲು ಚಾಚಿದ. "ಕಪ್ಪೇ ತಾನೆ ಇದು?"

ಹೂಂ ಎನ್ನಲು ತುಟಿ ಆಗಲೇ ಮುಚ್ಚಿಕೊಂಡಿತ್ತು. ರೀಲು ತೆಗೆದುಕೊಂಡು ಕಿಟಕಿಗೆ ಹೋದಳು. ಕಡೆಯ ಬೆಳಕು. ಕಪ್ಪು. ಓರೆ ಮಾಡಿದರೆ ಹಸಿರಿನ ಹಾಗೆ. ನೇರ ಹಿಡಿದರೆ ಮತ್ತೆ ಕಪ್ಪು. ದೀಪ ಹಾಕಿದರೆ ತಿಳಿದೀತು. ಹಾಕಿದ ಮೇಲೂ ತಿಳಿಯದಿದ್ದರೆ? ಕೈ ಸ್ವಿಚ್ಚಿನ ತನಕ ಹೋಗಿ ನಿಂತಿತು.

"ಗೊತ್ತಾಗ್ತಾ ಇಲ್ಲ ಅಪ್ಪ."

ಚಕ್ರದ ಮೇಲಿದ್ದ ಅಪ್ಪನ ಕೈ ನಿಂತಿತು. "ಏನಂದೆ?"

"ಕಪ್ಪೋ ಹಸಿರೋ ನಂಗೆ ಗೊತ್ತಾಗ್ತಾ ಇಲ್ಲ."

ಅವನು ಅವಳ ದನಿ ಬಂದ ಕಡೆಗೆ ಮುಖ ತಿರುಗಿಸಿದ, ಸ್ವಲ್ಪ ತಪ್ಪಾಗಿ, ಅವಳ ಭುಜದ ಆಚೆಗೆ. "ನಿಮ್ಮಮ್ಮ ಒಂದೇ ಒಂದು ದಿನ ಹೀಗೆ ಅಂದಿದ್ರೆ," ಎಂದ, "ನಾನು ಅವತ್ತೇ ಅವಳ ಹತ್ರ ಕೂತು ಅತ್ತು ಮುಗಿಸ್ತಿದ್ದೆ." ಆಮೇಲೆ ಕೈ ಚಾಚಿದ, ಅಂಗೈ ಮೇಲೆ ಮಾಡಿ. "ಕೊಡು ಇಲ್ಲಿ. ಒಳಗಿನ ಹೊಲಿಗೆ, ಯಾವುದಾದ್ರೂ ನಡೆಯುತ್ತೆ. ಸೂಜಿಗೆ ಒಂದು ಪೋಣಿಸಿ ಕೊಡು."

ಅವಳು ಅವನ ಪಕ್ಕ ಕೂತು ದಾರದ ತುದಿಯನ್ನು ಬಾಯಲ್ಲಿ ಒದ್ದೆ ಮಾಡಿ, ಹೊಸೆದು, ಸೂಜಿಯ ಕಣ್ಣಿಗೆ ಹಿಡಿದಳು. ತಪ್ಪಿತು. ಮತ್ತೆ ಹಿಡಿದಳು, ಮತ್ತೆ ತಪ್ಪಿತು. ತುದಿ ಎಲ್ಲಿದೆ ಎಂಬುದೇ ಮಸುಕು.

"ನಿಧಾನ," ಎಂದ ಅಪ್ಪ. ಅವನ ಬೆರಳುಗಳು ಬಂದು ಅವಳ ಬೆರಳುಗಳ ಮೇಲೆ ಕೂತವು. "ದಿಟ್ಟಿಸಬೇಡ. ದಿಟ್ಟಿಸಿದಷ್ಟೂ ಓಡುತ್ತೆ ಅದು."